ಸಮ ಮಾಡಿದ ಮೈದಾನ

ಫುಟ್‌ಬಾಲ್ ಕ್ಲಬ್ಬಿನ ಮೈದಾನ ಮೊದಲಿಂದಲೂ ಚರಂಡಿಯ ಕಡೆಗೆ ವಾಲಿತ್ತು. ಹೊರಗಿನ ತಂಡದವರು ನೇರ ಹೊಡೆದ ಚೆಂಡು ಚರಂಡಿಯತ್ತ ಸರಿದುಹೋಗುತ್ತಿತ್ತು. ಇಲ್ಲಿಯವರು ಮಾತ್ರ ಚರಂಡಿಗೆ ಎದುರು ಬದಿಯ, ಗೋಡೆ ಕಡೆಯ ಗೋಲು ಕಂಬದಿಂದ ಒಂದು ಗೇಣು ಆಚೆಗೆ ಗುರಿಯಿಟ್ಟು, ಚೆಂಡು ತಾನಾಗಿ ಒಳಗೆ ಬರುವಂತೆ ಹೊಡೆಯುತ್ತಿದ್ದರು. ಕೋಚ್ ಕಲಿಸಿದ ಈ ವಿದ್ಯೆಯಿಂದಲೇ ತಂಡ ಗೆಲ್ಲುತ್ತಾ ಗೆಲ್ಲುತ್ತಾ ರಾಷ್ಟ್ರೀಯ ಲೀಗಿಗೆ ಏರಿತು. ಲೀಗಿನವರು ಬಂದು ನೋಡಿ, ಮೊದಲು ಮೈದಾನ ಸಮ ಮಾಡಿಸಿ ಎಂದರು. ಮಾಡಿಸಿದ್ದೇ ತಡ, ಸೋಲು ಶುರುವಾಯಿತು.

ಕೊನೆಯ ಪಂದ್ಯ ಗೆದ್ದರೆ ಲೀಗಿನಲ್ಲಿ ಉಳಿವು, ಇಲ್ಲದಿದ್ದರೆ ಮತ್ತೆ ಜಿಲ್ಲಾ ಮಟ್ಟಕ್ಕೆ. ಗೋಲುಗಳು ಸಮವಾಗಿದ್ದಾಗ, ಆಟ ಮುಗಿಯುವ ಹೊತ್ತಿಗೆ ಪೆನಾಲ್ಟಿ ಸಿಕ್ಕಿತು. ಹೊಡೆಯಲು ನಿಂತ ನಾಯಕ ಕೋಚ್‌ನ ಅಳಿಯನೇ.

"ನೇರ ಹೊಡೀರಿ ಅಳಿಯಂದ್ರೇ!" ಎಂದು ಕೋಚ್ ಗಂಟಲು ಹರಿದುಕೊಂಡ. ಚೆಂಡು ಕಂಬದಿಂದ ಸರಿಯಾಗಿ ಒಂದು ಗೇಣು ಆಚೆಗೆ ಹೋಯಿತು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರೂ ಹೋದಮೇಲೂ ಅಳಿಯ ಟವೆಲ್ಲಿನಲ್ಲಿ ಮುಖ ಹುದುಗಿಸಿ ಕುಳಿತಿದ್ದ.

"ಕಾಲು ತಾನಾಗೇ ಹಾಗೆ ಹೋಯ್ತು, ಮಾವ."

"ಹೋಗದೆ ಏನು ಮಾಡುತ್ತೆ? ವರ್ಷಗಟ್ಟಲೆ ತಲೆ ತಿಂದು ಕಲಿಸಿದ್ದೀನಲ್ಲ."

"ಅತ್ತೆ ಗ್ಯಾಲರಿಯಲ್ಲೇ ಇದ್ರು."

"ಅವಳ ಬೈಗುಳ ನನ್ನ ಕಿವಿಗೇ ಬಿತ್ತು. ಇವತ್ತು ಗುರಿ ತಪ್ಪದೇ ಇದ್ದಿದ್ದು ಅದೊಂದೇ."

ಅಳಿಯ ಅಳುತ್ತಲೇ ನಕ್ಕ. ಕೋಚ್ ನೆಲದ ಮೇಲೆ ಕುಳಿತು ಅವನ ಬೂಟಿನ ಲೇಸು ಬಿಚ್ಚತೊಡಗಿದ.

"ಅಯ್ಯೋ ಬಿಡಿ ಮಾವ, ನೀವು ನನ್ನ ಕಾಲು ಮುಟ್ಟೋದಾ?"

"ಹೇಳಿದ ಮಾತು ಕೇಳಿದ ಕಾಲು ಇದು," ಎಂದ ಕೋಚ್, ಗಂಟು ಸಡಿಲಿಸುತ್ತಾ. "ಸುಮ್ಮನೆ ಕೂತ್ಕೊಳ್ಳಿ."