ಬೆಟ್ಟ ಹತ್ತದ ಮನೆ

ಬಸವರಾಜೇಶ್ವರಿಗೆ ಸೋತು ಗೊತ್ತಿರಲಿಲ್ಲ. ಮೂವತ್ತು ವರ್ಷ ರಾಯದುರ್ಗದ ಮಕ್ಕಳ ಕಿವಿ ಹಿಂಡಿ ಕನ್ನಡ ಕಲಿಸಿದ ಹೆಂಗಸು, ನಿವೃತ್ತಿಯಾದ ಮೇಲೆ ಸುಮ್ಮನೆ ಕೂರುತ್ತಾಳೆಯೇ? ಕಾದಂಬರಿ ಬರೆದಳು. ನೂರಾರು ವರ್ಷಗಳ ಹಿಂದೆ ಊರ ಬೆಟ್ಟದ ಮೇಲಿನ ಕೋಟೆ ಬಿದ್ದ ದಿನ ಕೊಳಕ್ಕೆ ಹಾರಿ ಪ್ರಾಣ ಬಿಟ್ಟಳೆಂದು ಊರೆಲ್ಲ ಕೈಮುಗಿಯುವ ರಾಣಿ ನಾಗಾಜಮ್ಮ ಆ ಕಾದಂಬರಿಯಲ್ಲಿ ಸಾಯುವುದೇ ಇಲ್ಲ. ಕಂಬಳಿ ಹೊದ್ದು ಗುಟ್ಟಾಗಿ ಬೆಟ್ಟ ಇಳಿದು, ಗುಮ್ಮಘಟ್ಟದ ಕಡೆಯ ಕುರಿಗಾರನೊಬ್ಬನನ್ನು ಕೂಡಿಕೊಂಡು, ಮೂರು ಮಕ್ಕಳನ್ನು ಹೆತ್ತು ಸುಖವಾಗಿ ಮುದುಕಿಯಾಗುತ್ತಾಳೆ.

ಊರು ಉರಿದುಬಿತ್ತು. ರಾಣಿಯ ಹೆಸರಲ್ಲಿ ಸಂಘ ಕಟ್ಟಿಕೊಂಡು ಮೆರೆಯುತ್ತಿದ್ದ ಅರುಣ್‌ಕುಮಾರ್, ಬಸವರಾಜೇಶ್ವರಿಯ ಹಳೆಯ ಶಿಷ್ಯನೇ, ಹತ್ತು ಜನರೊಂದಿಗೆ ಮನೆ ಬಾಗಿಲಿಗೆ ಬಂದ.

“ಪ್ರಾಣ ಕೊಟ್ಟಾಕೀನ ಓಡಿಹೋದಾಕಿ ಮಾಡೀರಲ್ರಿ ಮೇಡಂ, ನಾಚ್ಗಿ ಆಗಂಗಿಲ್ಲೇನ್ರಿ? ಎಲ್ಲಾರ ಮುಂದ ಬಂದು, ಬರದಿದ್ದೆಲ್ಲ ಸುಳ್ಳು ಅಂತ ಕೈ ಮುಗೀರಿ.”

“ನಿನಗ ಒತ್ತಕ್ಷರ ಕಲಿಸಾಕ ಮೂರು ವರ್ಷ ಬೇಕಾತು. ನೀನೇನು ನನ್ನ ಪುಸ್ತಕ ತಿದ್ದತೀ?”

“ಕಾದಂಬರಿಯಪ್ಪಾ, ಕಲ್ಪನೆ” ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸುಳ್ಳು ಎಂಬ ಮಾತು ಅವಳಿಗೆ ನಾಟಿತ್ತು.

“ಸುಳ್ಳೇನು? ಗುಮ್ಮಘಟ್ಟದ ತಿಪ್ಪಕ್ಕನ ಮನಿ ಹೆಣ್ಮಕ್ಕಳು ಇವತ್ತಿಗೂ ಈ ಬೆಟ್ಟ ಹತ್ತಂಗಿಲ್ಲ. ಅವರು ಆಕಿ ವಂಶದವರು. ಹೋಗಿ ನೋಡು!”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹತ್ತದಿರುವುದೇನೋ ನಿಜ. ತಿಪ್ಪಕ್ಕನ ಮೊಮ್ಮಗಳು ರಾಧಾ ಅವಳ ಹತ್ತಿರವೇ ಓದಿದವಳು. ಶಾಲೆಯವರೆಲ್ಲ ಕೋಟೆ ನೋಡಲು ಹೋದಾಗ “ನಮ್ಮನ್ಯಾಗ ಹತ್ತಂಗಿಲ್ರಿ” ಎಂದು ಒಬ್ಬಳೇ ಕೆಳಗೆ ಉಳಿದಿದ್ದಳು. ಕಾರಣ ಮಾತ್ರ ಬಸವರಾಜೇಶ್ವರಿ ಕಟ್ಟಿದ್ದು. ಯಾಕೆಂದು ಅವಳು ಯಾರನ್ನೂ ಕೇಳಿರಲಿಲ್ಲ.

“ಹಂಗಾದ್ರ ಭಾನುವಾರ ಆ ಮುದುಕೀನ ಹತ್ತಸ್ತೀವಿ,” ಎಂದ ಅರುಣ್‌ಕುಮಾರ್. “ಹತ್ತಿದ್ಲೋ, ಪುಸ್ತಕ ಅಲ್ಲೇ ಸುಡ್ತೀವಿ.”

ಭಾನುವಾರ ಬೆಟ್ಟದ ಬುಡದಲ್ಲಿ ಜನ ಫೋನು ಎತ್ತಿ ಹಿಡಿದು ನಿಂತಿದ್ದರು. ಎಪ್ಪತ್ತು ದಾಟಿದ ತಿಪ್ಪಕ್ಕನನ್ನು, ಟೀಚರಮ್ಮ ಕರೆಯುತ್ತಾರೆಂದು ಸುಳ್ಳು ಹೇಳಿ, ಆಟೋದಲ್ಲಿ ಕರೆತಂದಿದ್ದರು. ಜೊತೆಗೆ ರಾಧಾ ಇದ್ದಳು. ಪುಸ್ತಕದ ಕಥೆಯನ್ನು ಅವಳು ಅಜ್ಜಿಗೆ ಮೊದಲೇ ಓದಿ ಹೇಳಿದ್ದಳು.

“ಹತ್ತಬೇ ಅಜ್ಜಿ! ನಾಕ ಮೆಟ್ಲು ಸಾಕು!”

ಯಾರೋ ತೋಳು ಹಿಡಿದು ಎಳೆದರು. ತಿಪ್ಪಕ್ಕ ಕೊಡವಿಕೊಂಡು ನೆಲಕ್ಕೆ ಕೂತುಬಿಟ್ಟಳು. “ಕಡದ್ರೂ ಹತ್ತಂಗಿಲ್ಲ.”

ಗುಂಪಿನ ಮುಂದೆಯೇ ನಿಂತಿದ್ದ ಬಸವರಾಜೇಶ್ವರಿ ಒಳಗೊಳಗೇ ಕುಣಿದಳು. ಮುದುಕಿಯ ತೋಳು ಕೆಂಪಾಗಿದ್ದು ಅವಳ ಕಣ್ಣಿಗೆ ಬೀಳಲೇ ಇಲ್ಲ. “ನೋಡ್ರಿ ಈಗ! ರಾಣಿ ರಕ್ತ!” ಎಂದು ಕೂಗಿಯೇಬಿಟ್ಟಳು.

ತಿಪ್ಪಕ್ಕ ಅವಳತ್ತ ತಿರುಗಿ ಮಣ್ಣಿಗೆ ಉಗುಳಿದಳು.

“ಯಾವ ರಾಣಿ? ಆಗಿನ ಕಾಲದಾಗ ಆ ನಾಗಾಜಮ್ಮನ ಚಾಕ್ರಿಗೆ ಅಂತ ನಮ್ಮನಿ ಹುಡುಗೀನ ಮ್ಯಾಲೆ ಎಳಕೊಂಡು ಹೋದ್ರು. ಹತ್ತಿದಾಕಿ ಇಳೀಲೇ ಇಲ್ಲ. ಕೇಳಾಕ ಹೋದ ಅವರಪ್ಪನ್ನ ಹೊಡದು ದಬ್ಬಿದ್ರು. ಅದಕ್ಕ ನಾವು ಹತ್ತಂಗಿಲ್ಲ. ಇವರು ಆಕಿಗೆ ಕೈ ಮುಗೀತಾರ, ಮುಗೀಲಿ. ನೀವು ಆಕೀನ ತಂದು ನಮ್ಮನಿ ಸೊಸಿ ಮಾಡೀರಲ್ರೀ ಟೀಚರಮ್ಮ! ನಮ್ಮ ಒಲಿ ಮುಂದ ಕುಂದ್ರಿಸೀರಲ್ಲ!”

“ರಾಣೀಗೆ ಹಂಗೆಲ್ಲ ಅನಬ್ಯಾಡ,” ಎಂದು ಅರುಣ್‌ಕುಮಾರ್ ಗದರಿದ. ಅವನ ಹಿಂದಿದ್ದವರು ಒಬ್ಬೊಬ್ಬರಾಗಿ ಫೋನು ಇಳಿಸಿದರು.

ಬಸವರಾಜೇಶ್ವರಿಗೆ ನಾಚಿಕೆಯಿಂದ ಮುಖ ಸುಟ್ಟಂತಾಯಿತು. ಮುದುಕಿಯ ಮುಂದೆ ಕುಕ್ಕರಿಸಿದಳು. “ತಿಪ್ಪಕ್ಕ, ಆ ಹುಡುಗಿ ಹೆಸರೇನು?”

ತಿಪ್ಪಕ್ಕ ಮೊಮ್ಮಗಳ ಹೆಗಲು ಹಿಡಿದು ಎದ್ದಳು.

“ಈಕಿ ಐದು ವರ್ಷ ನಿಮ್ಮ ಮುಂದ ಕುಂತಿದ್ಲು. ಆಗ ಕೇಳಲಿಲ್ಲ. ಈಗ್ಯಾಕ, ಇನ್ನೊಂದು ಪುಸ್ತಕಕ್ಕೇನು?”

ಹೆಸರು ಹೇಳದೆ ಆಟೋದಲ್ಲಿ ಹೋಗಿ ಕೂತಳು.