ಎಲ್ಲಕ್ಕೂ ಅನುಮತಿ

ಯಾರನ್ನೂ ನಂಬದ ರನ್‌ಟೈಮ್, ಅಂದರೆ ಪ್ರೋಗ್ರಾಮುಗಳನ್ನು ಓಡಿಸುವ ಸಾಫ್ಟ್‌ವೇರ್, ಒಂದಿದೆ ಎಂದು ಕೇಳಿದಾಗಲೇ ನನಗೆ ಅದರ ಮೇಲೆ ಪ್ರೀತಿ ಹುಟ್ಟಿತು. ನಾನು ಹುಟ್ಟಾ ಅನುಮಾನದವಳು. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಅನ್ನಿಸುತ್ತದೆ, ನಗದಿದ್ದರೆ ಖಂಡಿತ ಬೆರೆಸಿದ್ದಾನೆ ಅನ್ನಿಸುತ್ತದೆ. ಬೀಗ ಹಾಕಿ ಮೂರು ಸಲ ಎಳೆದು ನೋಡಿ, ನಾಲ್ಕು ಹೆಜ್ಜೆ ಹೋದಮೇಲೆ ಮತ್ತೆ ಬಂದು ಎಳೆಯುವ ಪೈಕಿ. ಅಂಥವಳಿಗೆ, ಕೇಳದೆ ಒಂದು ಕಡತವನ್ನೂ ಮುಟ್ಟದ, ಹೇಳದೆ ಹೊಸ್ತಿಲು ದಾಟದ ಸಾಫ್ಟ್‌ವೇರ್ ಸಿಕ್ಕರೆ ಹೇಗಾಗಬೇಡ?

ಭಾವನ ಲ್ಯಾಬಿನಲ್ಲಿ ಕಂಪ್ಯೂಟರಿನ ಕೆಲಸವೆಲ್ಲ ನನ್ನದು. ಭಾವ ಎಂದರೆ ನನ್ನ ಅಕ್ಕನ ಗಂಡ, ಡಾಕ್ಟರು. ಎರಡು ಕೋಣೆ, ಒಂದು ಕೌಂಟರು, ಗೋಡೆಗುಂಟ ಎಂಟು ಕುರ್ಚಿ, ಇಷ್ಟೇ ಆ ರಕ್ತಪರೀಕ್ಷೆಯ ಲ್ಯಾಬು. ಬೆಳಿಗ್ಗೆ ಜನ ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಡುತ್ತಾರೆ. ಯಂತ್ರ ಅಳೆದ ಅಂಕಿಗಳು ಸರ್ವರಿಗೆ ಬರುತ್ತವೆ. ಅಲ್ಲಿ ನಾನು ಜಾವಾಸ್ಕ್ರಿಪ್ಟಿನಲ್ಲಿ ಬರೆದ ಪ್ರೋಗ್ರಾಮ್ ಆ ಅಂಕಿಗಳನ್ನು ವರದಿಯ ರೂಪಕ್ಕೆ ತಂದು, ಮಿತಿ ಮೀರಿದ್ದಕ್ಕೆ ಕೆಂಪು ಬಣ್ಣ ಹಚ್ಚಿ, ರೋಗಿಯ ಫೋನಿಗೆ ಕಳಿಸುತ್ತದೆ.

ಕಾಗದದ ಪ್ರತಿ ಬೇಕೆಂದವರಿಗೆ ಅದನ್ನು ಕೊಡುತ್ತಿದ್ದವರು ಕೌಂಟರಕ್ಕ. ಹತ್ತೊಂಬತ್ತು ವರ್ಷದಿಂದ ಅದೇ ಕುರ್ಚಿ, ಅದೇ ದಿಂಬು. ಅವರದ್ದೊಂದು ರೂಢಿಯಿತ್ತು. ಎಲ್ಲ ಸರಿಯಿರುವ ವರದಿಗೆ ಎರಡು ಮಡಿಕೆ. ಕೆಂಪು ಬಿದ್ದ ವರದಿಗೆ ಮೂರು ಮಡಿಕೆ, ಜೊತೆಗೆ "ಕೂತ್ಕೊಂಡು ಓದಿ" ಎಂಬ ಮಾತು. ಹಳೆಯ ರೋಗಿಗಳಿಗೆ ಇದು ಗೊತ್ತಿತ್ತು. ಅವರು ಮೊದಲು ಮಡಿಕೆ ಎಣಿಸಿ ಆಮೇಲೆ ಉಸಿರು ಬಿಡುತ್ತಿದ್ದರು. ಆದರೆ ಮೂರು ಮಡಿಕೆ ಮಾಡಬೇಕೆಂದರೆ ಮೊದಲು ಓದಿರಬೇಕಲ್ಲವೇ? ಕೌಂಟರಕ್ಕ ಎಲ್ಲರ ವರದಿಯನ್ನೂ ಓದುತ್ತಿದ್ದರು. ಇದು ನನ್ನ ಕಣ್ಣಿಗೆ ಮೊದಲಿನಿಂದಲೂ ಚುಚ್ಚುತ್ತಿತ್ತು.

ಅಷ್ಟರಲ್ಲಿ ಫೋನುಗಳು ಶುರುವಾದವು. ನಿವೃತ್ತ ಪೋಸ್ಟ್‌ಮಾಸ್ಟರ್ ಒಬ್ಬರಿಗೆ ಯಾರೋ ಅಪರಿಚಿತ ಹೆಂಗಸು ಫೋನ್ ಮಾಡಿ, "ನಿಮ್ಮ ಶುಗರ್ ಇನ್ನೂರ ಎಂಬತ್ತಿದೆ ಸಾರ್, ನಮ್ಮ ಪುಡಿ ತಗೊಂಡ್ರೆ ತಿಂಗಳಲ್ಲಿ ಇಳಿಯುತ್ತೆ" ಎಂದಳಂತೆ. ವರದಿ ಆ ಮನುಷ್ಯನ ಕೈಗೇ ಇನ್ನೂ ಸೇರಿರಲಿಲ್ಲ. ಆಮೇಲೆ ಒಬ್ಬ ಸಂಗೀತದ ಟೀಚರಿಗೆ ಅದೇ ಕಥೆ. ಮೂರನೆಯವರು ವಕೀಲರು. ಅವರು ಫೋನ್ ಇಟ್ಟವರೇ ನೇರ ಲ್ಯಾಬಿಗೆ ಬಂದು, ಎಂಟೂ ಕುರ್ಚಿಯವರು ಕೇಳುವಂತೆ ಕೂಗಾಡಿ ಹೋದರು.

ಭಾವ ನನ್ನನ್ನು ಒಳಗೆ ಕರೆದರು.

"ಬೇಲಿನೇ ಎದ್ದು ಹೊಲ ಮೇಯ್ತಿದೆ ಕಣಮ್ಮ. ನಿನ್ನ ಪ್ರೋಗ್ರಾಮ್ ಒಂದ್ಸಲ ಪೂರ್ತಿ ನೋಡ್ಬಿಡು. ಅದು ಸರಿಯಿದ್ರೆ, ಇನ್ನು ಉಳಿಯೋದು ಒಬ್ಬಳೇ."

ಯಾರೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಗೆ ಬಂದರೆ ಕೌಂಟರಕ್ಕ ಸ್ಟೇಪ್ಲರಿಗೆ ಪಿನ್ನು ತುಂಬುತ್ತ, ತಲೆಯೆತ್ತದೆ, "ನಾನಂತೂ ಯಾರ ಹತ್ರಾನೂ ಏನೂ ಹೇಳಿಲ್ಲಪ್ಪ" ಎಂದರು. ಯಾರು ಕೇಳಿದ್ದರು ಇವರನ್ನು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಲ್ಲಿಗೆ ನನ್ನ ಮನಸ್ಸಿನಲ್ಲಿ ತೀರ್ಪು ಆಗಿಹೋಯಿತು. ಇನ್ನು ಬೇಕಾದದ್ದು ಸಾಕ್ಷಿ ಮಾತ್ರ.

ಸೋಮವಾರ ಬೆಳಿಗ್ಗೆ ಆ ಹೊಸ ರನ್‌ಟೈಮನ್ನು ಸರ್ವರಿನಲ್ಲಿ ಕೂರಿಸಿದೆ. ಒಂದೇ ಒಂದು ಸಾಲಿನ ಆಜ್ಞೆ, ಕೆಲಸ ಮುಗಿಯಿತು. ಇಷ್ಟು ಸಲೀಸಾಗಿ ಆದದ್ದೇ ನನಗೆ ಅನುಮಾನ. ಜಾವಾಸ್ಕ್ರಿಪ್ಟಿನ ತಂಗಿಯಂಥ ಭಾಷೆ ಟೈಪ್‌ಸ್ಕ್ರಿಪ್ಟಿನಲ್ಲಿ ಎರಡು ಸಾಲು ಬರೆದು ಓಡಿಸಿದೆ. ಮೊದಲು ಅದನ್ನು ಇನ್ನೊಂದಕ್ಕೆ ಪರಿವರ್ತಿಸು, ಮತ್ತೊಂದನ್ನು ಜೋಡಿಸು ಎಂಬ ತಕರಾರಿಲ್ಲದೆ ನಮಸ್ಕಾರ ಎಂದಿತು. ಆಮೇಲೆ ಒಂದು ಕಡತ ಓದಲು ಹೇಳಿದೆ. ಓದಲಿಲ್ಲ! ನಿಂತು ಕೇಳಿತು: ಇಂಥ ಪ್ರೋಗ್ರಾಮ್ ಇಂಥ ಕಡತವನ್ನು ಓದಬೇಕೆನ್ನುತ್ತಿದೆ, ಬಿಡಲೇ? ಹೌದೆಂದರೆ ಒಂದು ಅಕ್ಷರ, ಬೇಡವೆಂದರೆ ಇನ್ನೊಂದು. ನೆಟ್‌ವರ್ಕಿಗೆ ಹೋಗಲು ಹೇಳಿದರೂ ಅಷ್ಟೇ, ಯಾವ ವಿಳಾಸಕ್ಕೆ ಹೋಗುತ್ತಿದೆ ಎಂದು ತೋರಿಸಿ, ಬಿಡಲೇ ಎಂದು ಕೇಳಿತು. ಹಳೆಯ ರನ್‌ಟೈಮಿನಲ್ಲಿ ಇಂಥದ್ದೇನೂ ಇರಲಿಲ್ಲ. ಒಮ್ಮೆ ಒಳಗೆ ಬಂದವರು ಅಡುಗೆಮನೆಗೂ ಹೋಗಬಹುದು, ಬೀರುವಿಗೂ ಕೈ ಹಾಕಬಹುದು. ಇಂಥದ್ದೊಂದು ನನ್ನ ಮದುವೆಗೆ ಮುಂಚೆ ಬಂದಿದ್ದರೆ ಎಂದುಕೊಂಡು ಒಬ್ಬಳೇ ನಕ್ಕೆ.

ಮಂಗಳವಾರ ಲ್ಯಾಬಿನ ಪ್ರೋಗ್ರಾಮನ್ನೇ ಅದರ ಕೈಗೆ ಕೊಟ್ಟೆ. ಅಂಕಿಗಳ ಫೋಲ್ಡರ್ ಓದಲೇ ಎಂದಿತು, ಓದು ಎಂದೆ. ವರದಿಯ ನಮೂನೆ ಓದಲೇ? ಓದು. ಅಕ್ಷರಗಳ ಫಾಂಟ್? ಸರಿ. ಮೆಸೇಜ್ ಕಳಿಸುವ ಸೇವೆಯ ಗುಟ್ಟಿನ ಕೀಲಿ? ಹೂಂ. ವರದಿಯನ್ನು ಬರೆದಿಡಲೇ? ಬರೆದಿಡು ಮಾರಾಯ. ಒಂಬತ್ತೂವರೆಯ ಹೊತ್ತು, ಎಂಟು ಕುರ್ಚಿಗೆ ಹದಿನೈದು ಜನ, ವರದಿಗಳೆಲ್ಲ ನನ್ನ ಒಂದೊಂದು ಅಕ್ಷರಕ್ಕೆ ಕಾದು ನಿಂತಿವೆ. ಭಾವ ಬೆನ್ನ ಹಿಂದೆ ನಿಂತು ಗಂಟಲು ಸರಿಮಾಡಿಕೊಂಡರು. ಏಳನೆಯ ಪ್ರಶ್ನೆ ಬರುವಷ್ಟರಲ್ಲಿ ನನ್ನ ತಲೆ ಕೆಟ್ಟಿತು. ಪ್ರಶ್ನೆಯನ್ನು ಓದಲೂ ಇಲ್ಲ. ಪ್ರೋಗ್ರಾಮ್ ನಿಲ್ಲಿಸಿ, ಬೇಸತ್ತವರೆಲ್ಲ ಮಾಡುವುದನ್ನೇ ಮಾಡಿದೆ. ಆಜ್ಞೆಯ ಕೊನೆಗೆ ಒಂದು ಅಡ್ಡಗೆರೆ, ಒಂದು ದೊಡ್ಡ 'ಎ' ಸೇರಿಸಿ ಮತ್ತೆ ಓಡಿಸಿದೆ. ಎಲ್ಲಕ್ಕೂ ಅನುಮತಿ ಎಂದು ಅದರ ಅರ್ಥ. ಪ್ರಶ್ನೆಗಳು ನಿಂತವು, ವರದಿಗಳು ಸರಸರನೆ ಹೊರಟವು.

"ಏನಾಯ್ತು?" ಎಂದರು ಭಾವ, ಮಧ್ಯಾಹ್ನ.

"ಹೊಸದ್ರಲ್ಲೂ ಹಾಕಿ ಓಡಿಸ್ದೆ ಭಾವ. ಎಲ್ಲೂ ಏನೂ ಕಾಣಿಸ್ಲಿಲ್ಲ. ಪ್ರೋಗ್ರಾಮ್ ಶುದ್ಧ."

ನಾನು ಸುಳ್ಳು ಹೇಳಲಿಲ್ಲ. ಅಂದರೆ, ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಗೊತ್ತಿರಲಿಲ್ಲ. ಕಾವಲಿಗೆ ಆಳನ್ನಿಟ್ಟು, ಅವನ ಕಣ್ಣಿಗೆ ಬಟ್ಟೆ ಕಟ್ಟಿ, ಕಳ್ಳ ಬರಲೇ ಇಲ್ಲ ಎಂದು ಷರಾ ಬರೆದಿದ್ದೆ ಅಷ್ಟೇ.

ಸಂಜೆಯೊಳಗೆ ಭಾವ ಕೌಂಟರಕ್ಕನಿಗೆ ನಾಳೆಯಿಂದ ಬರುವುದು ಬೇಡ ಎಂದರು. ಶನಿವಾರ ಎಲ್ಲ ರೋಗಿಗಳಿಗೂ ಪತ್ರ ಹೋಗಬೇಕೆಂದು ತೀರ್ಮಾನವಾಯಿತು: ತಪ್ಪಿತಸ್ಥ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಲಾಗಿದೆ, ಇನ್ನು ಆತಂಕ ಬೇಡ. ಕೌಂಟರಿನಲ್ಲಿ ಇದ್ದದ್ದು ಒಬ್ಬರೇ. ಹೆಸರು ಹಾಕದಿದ್ದರೂ ಯಾರೆಂದು ಇಡೀ ಬೀದಿಗೆ ತಿಳಿಯುತ್ತಿತ್ತು. ಕೌಂಟರಕ್ಕ ದಿಂಬನ್ನು ಚೀಲಕ್ಕೆ ತುರುಕಿಕೊಂಡು ನನ್ನ ಮೇಜಿನ ಹತ್ತಿರ ಬಂದು ನಿಂತರು.

"ನಿನಗೂ ಹಾಗೇ ಅನ್ಸುತ್ತೇನೇ?"

ನಾನು ಪರದೆ ನೋಡುತ್ತ ಕೂತಿದ್ದೆ. ಚಪ್ಪಲಿಯ ಸದ್ದು ಬಾಗಿಲು ದಾಟುವವರೆಗೂ ಪರದೆಯನ್ನೇ ನೋಡಿದೆ.

ಬುಧವಾರದಿಂದ ಕೌಂಟರಿಗೆ ನಾನೇ ಕೂತೆ. ಕುರ್ಚಿ ಗಟ್ಟಿ. ನಾನು ಎಲ್ಲ ವರದಿಗೂ ಎರಡೇ ಮಡಿಕೆ ಹಾಕಿ ಕೊಟ್ಟೆ. ಬೇಕರಿಯಾತ ಎರಡು ಮಡಿಕೆ ನೋಡಿ ಖುಷಿಯಿಂದ ಬಾಗಿಲವರೆಗೆ ಹೋಗಿ, ಅಲ್ಲಿ ಬಿಚ್ಚಿ ಓದಿ, ಹಿಂದಕ್ಕೆ ಬಂದು ಕುರ್ಚಿಯಲ್ಲಿ ಕುಸಿದು ಕೂತ. "ಅಕ್ಕ ಎಲ್ಲಿ?" ಎಂದು ಕೇಳಿದ. ರಜೆ ಎಂದೆ.

ಗುರುವಾರ ಒಬ್ಬ ನಿವೃತ್ತ ಮೇಷ್ಟ್ರು ವರದಿಗೆ ಕಾಯುತ್ತಿದ್ದರು. ಕಾಯುತ್ತಿರುವಾಗಲೇ ಫೋನ್ ಬಂತು. ಕಿವಿ ಮಂದವಾದ್ದರಿಂದ ಜೋರಾಗಿಟ್ಟುಕೊಂಡು ಮಾತನಾಡಿದರು. "ಮುನ್ನೂರ ಹತ್ತು ಸಾರ್, ಹೀಗೇ ಬಿಟ್ರೆ ಕಷ್ಟ, ನಮ್ಮ ಪುಡಿ..." ಎನ್ನುವ ದನಿ ನನಗೂ ಕೇಳಿಸಿತು. ನಾನು ಪ್ರಿಂಟರಿನಿಂದ ಆಗಷ್ಟೇ ಹೊರಬಂದ ಹಾಳೆ ಎತ್ತಿ ನೋಡಿದೆ. ಮುನ್ನೂರ ಹತ್ತು, ಕೆಂಪಿನಲ್ಲಿ. ಕೌಂಟರಕ್ಕ ಇಲ್ಲಿಗೆ ಬರುವುದು ನಿಂತು ಎರಡು ದಿನವಾಗಿತ್ತು.

ನನ್ನ ಅನುಮಾನಕ್ಕೆ ಕೂರಲು ಜಾಗ ಬೇಕಲ್ಲ. ಮೊದಲು ರಕ್ತ ತೆಗೆಯುವವಳ ಮೇಲೆ ಹೋಗಿ ಕೂತಿತು. ಆಮೇಲೆ ಪ್ರಿಂಟರ್ ರಿಪೇರಿಗೆ ಬರುವವನ ಮೇಲೆ. ಭಾವನ ಮೇಲೂ ಒಂದು ಗಳಿಗೆ ಕೂತೆದ್ದಿತು. ಸ್ವಂತ ಅಕ್ಕನ ಮೇಲೂ ಬಂತು ಎಂದರೆ ನನ್ನ ಗತಿ ಊಹಿಸಿ. ಅದು ಬಂದು ಕೂರದೇ ಉಳಿದವಳು ನಾನೊಬ್ಬಳೇ.

ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಆ ಅಡ್ಡಗೆರೆ ಮತ್ತು ದೊಡ್ಡ 'ಎ' ತೆಗೆದು, ಮೇಷ್ಟ್ರ ವರದಿಯನ್ನೇ ಮತ್ತೆ ಓಡಿಸಿದೆ. ಈ ಸಲ ಒಂದೊಂದು ಪ್ರಶ್ನೆಯನ್ನೂ ಬೆರಳಿಟ್ಟು ಓದಿದೆ. ಆರಕ್ಕೂ ಹೌದೆಂದೆ. ಏಳನೆಯದು ಬಂತು. ನೆಟ್‌ವರ್ಕಿಗೆ ಹೋಗಬೇಕಂತೆ, ಬಿಡಲೇ? ಮೆಸೇಜ್ ಸೇವೆಯ ವಿಳಾಸ ನನಗೆ ಬಾಯಿಪಾಠ. ಇದು ಅದಲ್ಲ. ಎಂದೂ ಕಂಡಿರದ ವಿಳಾಸ. ಮಂಗಳವಾರ ನಾನು ಓದದೆ ಬಿಟ್ಟ ಪ್ರಶ್ನೆ ಇದೇ.

ಬೇಡ ಎಂದೆ. ಪ್ರೋಗ್ರಾಮ್ ಗೊಣಗಲೂ ಇಲ್ಲ. ಮುಂದೆ ಮೆಸೇಜ್ ಸೇವೆಗೆ ಹೋಗಲು ಕೇಳಿತು, ವರದಿ ಅಚ್ಚುಕಟ್ಟಾಗಿ ತಯಾರಾಯಿತು, ಕೆಂಪು ಇದ್ದಲ್ಲಿ ಕೆಂಪು. ನಿರಾಕರಿಸಿದ್ದರಿಂದ ಯಾವ ಕೆಲಸವೂ ನಿಲ್ಲಲಿಲ್ಲ. ಹಾಗಾದರೆ ಅದು ಹೊರಗೆ ಹೋಗುತ್ತಿದ್ದದ್ದು ಯಾರ ಕೆಲಸಕ್ಕೆ? ಯಾವ ಕಡತದ ಯಾವ ಸಾಲು ಆ ವಿಳಾಸ ಕೇಳಿತೆಂದು ಹುಡುಕುತ್ತ ಹೋದೆ.

ಬಣ್ಣ ಹಚ್ಚುವ ಪ್ಯಾಕೇಜು. ಮಿತಿ ಮೀರಿದ ಅಂಕಿಯನ್ನು ಕೆಂಪು ಮಾಡಲು ಯಾರೋ ಬರೆದಿಟ್ಟ ಪುಟ್ಟ ಕೋಡು, ಮೂರು ವರ್ಷದ ಹಿಂದೆ ನಾನೇ ಹೊರಗಿನಿಂದ ತಂದು ಸೇರಿಸಿದ್ದು. ಇಪ್ಪತ್ತು ಸಾಲು, ನಾನೇ ಬರೆಯಬಹುದಿತ್ತು, ಸೋಮಾರಿತನ. ಐದು ತಿಂಗಳ ಹಿಂದೆ ಅದರ ಹೊಸ ಆವೃತ್ತಿ ಬಂದಾಗ ಏನು ಬದಲಾಗಿದೆ ಎಂದೂ ನೋಡದೆ ಹಾಕಿಕೊಂಡಿದ್ದೆ. ಬಣ್ಣ ಹಚ್ಚಲು ಇಡೀ ವರದಿಯನ್ನೇ ಅದರ ಕೈಗೆ ಕೊಡುತ್ತಿದ್ದೆ, ಹೆಸರು, ಫೋನ್ ನಂಬರು, ಅಂಕಿ ಎಲ್ಲ. ಕೆಂಪಾದದ್ದನ್ನು ಅದು ಸದ್ದಿಲ್ಲದೆ ಹೊರಗೆ ದಾಟಿಸುತ್ತಿತ್ತು. ಹಾಲಿನವನನ್ನು ಅನುಮಾನಿಸುವ ನಾನು, ಮುಖ ಮೂತಿ ಕಾಣದ ಯಾರೋ ಬರೆದದ್ದನ್ನು ಕಣ್ಣು ಮುಚ್ಚಿ ನಂಬಿದ್ದೆ.

ಭಾವ ಎಲ್ಲವನ್ನೂ ಕೇಳಿಸಿಕೊಂಡು, ಎದ್ದು ಬಾಗಿಲು ಹಾಕಿ ಬಂದರು.

"ಅದನ್ನ ತೆಗೆದುಬಿಡು. ಫೋನ್ ತಾನಾಗೇ ನಿಲ್ಲುತ್ತೆ. ನಮ್ಮ ಸಾಫ್ಟ್‌ವೇರೇ ಸೋರ್ತಿತ್ತು ಅಂತ ಗೊತ್ತಾದ್ರೆ ಯಾರಮ್ಮ ಬರ್ತಾರೆ ಇಲ್ಲಿಗೆ? ಅವಳಿಗೂ ವಯಸ್ಸಾಯ್ತು. ಮನೇಲಿರ್ಲಿ."

ಸತ್ಯ ಹೇಳಬೇಕೆಂದರೆ, ಒಂದು ಗಳಿಗೆ ನನಗೂ ಆ ಮಾತು ಹಿತವೆನಿಸಿತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಶನಿವಾರದ ಪತ್ರ ನಾನು ಬರೀತೀನಿ ಭಾವ. ತಪ್ಪು ನಂದು ಅಂತಾನೇ ಬರೀತೀನಿ."

"ಯೋಚ್ನೆ ಮಾಡು."

"ಮಾಡಿದ್ದಾಯ್ತು."

ಭಾವ ಮುಖ ಸಿಂಡರಿಸಿಕೊಂಡು ಕೂತರು. ಶುಕ್ರವಾರ ಮಧ್ಯಾಹ್ನ ಪತ್ರವನ್ನು ಮುಂದಿಟ್ಟಾಗ ಎರಡು ಸಲ ಓದಿ ಸಹಿ ಹಾಕಿದರು.

ಅದನ್ನು ಹಿಡಿದುಕೊಂಡೇ ಕೌಂಟರಕ್ಕನ ಮನೆಗೆ ಹೋದೆ. ಮೆಟ್ಟಿಲು ಹತ್ತಿ ಹೋದರೆ ಎರಡು ಕೋಣೆಯ ಮನೆ. ಅವರ ಗಂಡ ಪುಸ್ತಕಗಳಿಗೆ ಬೈಂಡ್ ಹಾಕುವವರು. ಮುಂದಿನ ಕೋಣೆಯ ತುಂಬ ರಟ್ಟು, ದಾರ, ಅಂಟಿನ ವಾಸನೆ. ಅವರು ತಲೆ ತಗ್ಗಿಸಿ ಬ್ರಷ್‌ನಿಂದ ಅಂಟು ಸವರುತ್ತಿದ್ದರು.

"ಬನ್ನಿ" ಎಂದರು ಕೌಂಟರಕ್ಕ. ಇಷ್ಟು ವರ್ಷ ಏನೇ, ಬಾರೇ ಎನ್ನುತ್ತಿದ್ದವರು. ನಾನು ಹಿಂದಿನ ಕೋಣೆಯಲ್ಲಿ ನಿಂತುಕೊಂಡೇ ಎಲ್ಲ ಹೇಳಿ ಪತ್ರ ಕೊಟ್ಟೆ. ಅವರು ಓದಿದರು. ಮುಖ ಅರಳಲಿಲ್ಲ.

"ನಾನು ಏನಂದ್ಕೊಂಡಿದ್ದೆ ಗೊತ್ತಾ? ನಾನೇ ಎಲ್ಲೋ ಬಾಯಿ ಬಿಟ್ಟಿದೀನಿ ಅಂತ. ಅಷ್ಟು ಓದಿದೋರು ನೀವು, ಹುಡುಕಿ ನೋಡಿ ಹೇಳಿದ್ರಿ, ಸುಳ್ಳಾಗುತ್ತಾ? ಊಟಕ್ಕೆ ಕೂತಾಗ ಇವ್ರ ಹತ್ರ ಏನಾದ್ರೂ ಅಂದ್ನಾ, ಇವ್ರು ಯಾರಿಗಾದ್ರೂ ಹೇಳಿದ್ರಾ ಅಂತ ತಲೇಲಿ ಕೊರೆಯೋಕೆ ಶುರುವಾಯ್ತು. ಬುಧವಾರ ಇವ್ರು ಸ್ನಾನಕ್ಕೆ ಹೋದಾಗ ಫೋನ್ ತೆಗೆದು ನೋಡ್ದೆ. ಮೂವತ್ತೊಂದು ವರ್ಷದಲ್ಲಿ ಮೊದಲ್ನೇ ಸಲ. ಟವೆಲ್ ಮರೆತಿದ್ರು, ವಾಪಸ್ ಬಂದ್ರು."

ಮುಂದಿನ ಕೋಣೆಯಲ್ಲಿ ಬ್ರಷ್‌ನ ಸದ್ದು ನಿಂತಿತ್ತು.

"ಅವತ್ತಿಂದ ಮಾತಿಲ್ಲ. ನೀವೇ ಹೋಗಿ ಹೇಳಿ. ತಪ್ಪು ಯಾರದ್ದು ಅಂತ."

ಹೋಗಿ ಹೇಳಿದೆ. ತಪ್ಪು ನನ್ನದು, ಅಕ್ಕನದ್ದು ಏನೂ ಇಲ್ಲ, ಈ ಅನುಮಾನವನ್ನು ಅವರ ತಲೆಗೆ ಹಚ್ಚಿದವಳು ನಾನೇ ಎಂದೆ. ಅವರು ಬೆರಳಿನ ಅಂಟನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡರು.

"ಒಪ್ಪಿದೆ ತಾಯಿ. ಲ್ಯಾಬಿಂದು ನಿಮ್ಮ ತಪ್ಪು" ಎಂದರು. "ಆದ್ರೆ ನನ್ನ ಫೋನ್ ತೆಗೆದು ನೋಡಿದ್ದು ನೀವಲ್ವಲ್ಲ."

ಬ್ರಷ್ ಎತ್ತಿಕೊಂಡು ಮತ್ತೆ ಕೆಲಸಕ್ಕೆ ತಿರುಗಿದರು. ಸೋಮವಾರದಿಂದ ಕೌಂಟರ್ ನಿಮ್ಮದೇ ಎಂದು ನಾನು ಕೌಂಟರಕ್ಕನಿಗೆ ಹೇಳಿದೆ. ಅವರು ಹೂಂ ಎಂದರು. ನನ್ನ ಕಡೆ ನೋಡಲಿಲ್ಲ, ಗಂಡನ ಬೆನ್ನನ್ನೇ ನೋಡುತ್ತ ನಿಂತಿದ್ದರು.