ಠ ಬಾರದ ಸಾವಕ್ಕ

“ತಲಿ ಬಗ್ಗಿಸ್ರಿ, ಮಾಸ್ತರ!” ಎಂದು ಕಾಶೀಬಾಯಿ ಕೂಗುವಷ್ಟರಲ್ಲಿ ಅಬ್ದುಲಮಜೀದ ಮಾಸ್ತರರ ಹಣೆ ಅಟ್ಟದ ತೊಲೆಗೆ ಬಡಿದೇಬಿಟ್ಟಿತ್ತು. ಎಂಟು ವರ್ಷದ ಹಿಂದೆ, ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಹೋಗುತ್ತ ಈ ಅಟ್ಟದಲ್ಲಿದ್ದಾಗಲೂ ಅದೇ ತೊಲೆ, ಅದೇ ಹಣೆ. ಕಣ್ಣಲ್ಲಿ ನೀರು ಬಂತು, ಬೆನ್ನಿಗೇ ನಗುವೂ ಬಂತು.

ಕೆಳಗೆ ಮನೆಯೊಡತಿ ಸಾವಕ್ಕನಿಗೆ ಕೊನೆಯ ಸ್ನಾನ ನಡೆದಿತ್ತು. ಉಡಿಸಬೇಕಾದ ಸೀರೆ ಅಟ್ಟದ ಕರಿ ಟ್ರಂಕಿನಲ್ಲಿತ್ತು. ಸದಾ ಅವಳ ಸೊಂಟದಲ್ಲಿರುತ್ತಿದ್ದ ಬೀಗದ ಕೈ ಈಗ ತಂಗಿ ಕಾಶೀಬಾಯಿಯ ಕೈಯಲ್ಲಿತ್ತು. ಮಾಸ್ತರರೂ, ಈ ವರ್ಷ ಅಟ್ಟದಲ್ಲಿದ್ದ ಟ್ರೇನಿಂಗ್ ವಿದ್ಯಾರ್ಥಿ ರಾಮಪ್ಪನೂ ಟ್ರಂಕನ್ನು ಎತ್ತಿದರು.

“ದಿನಾ ಇದರ ಮ್ಯಾಲೇ ಪಾಠದ ಟಿಪ್ಪಣಿ ಬರೀತಿದ್ದೆ ನೋಡ್ರಿ,” ಎಂದ ರಾಮಪ್ಪ.

“ನಾನೂ ಬರದೇನಿ. ನಿನ್ನ ಕೈಯಾಗ ಸಾವಕ್ಕ ಎಲ್ಲೀತನಕ ಕಲತಿದ್ಲು?”

“ಠ ತನಕ ಬಂದು ನಿಂತ್ಲರಿ. ‘ಪಾಠ’ ಅಂತ ಬರದ್ರ ‘ಪಾರ’ ಅಂತ ಓದ್ತಿದ್ಲು.”

ಮಾಸ್ತರರ ಕೈಯಿಂದ ಟ್ರಂಕು ಜಾರುವುದರಲ್ಲಿತ್ತು. “ನನಗೂ ಅದ ‘ಪಾರ’ನ!”

ಕುಂದಗೋಳದ ಕಡೆ ನೂರಾರು ಮಕ್ಕಳಿಗೆ ಓದು ಹಚ್ಚಿದ ಮಾಸ್ತರರು ಅವರು. ಆದರೂ ಮೊದಲ ವಿದ್ಯಾರ್ಥಿನಿಗೆ ಒಂದು ಠ ಕಲಿಸಲಾಗಲಿಲ್ಲವೆಂಬ ಮುಳ್ಳು ಅವರನ್ನು ಬಿಟ್ಟಿರಲಿಲ್ಲ. ಯಾರಾದರೂ ಹೊಗಳಿದರೆ ಅದು ಇನ್ನಷ್ಟು ಚುಚ್ಚುತ್ತಿತ್ತು. ಹೋದ ದೀಪಾವಳಿಗೆ ಬಂದಾಗಲೂ ಪಾಟಿ ಹಿಡಿದು ಕೂತಿದ್ದರು. ಸಾವಕ್ಕ ಕಣ್ಣು ಕಿರಿದುಮಾಡಿ “ಪಾರ” ಎಂದಿದ್ದಳು. ಇನ್ನು ಕಲಿಸುವುದಕ್ಕೆ ಅವಳೇ ಇಲ್ಲ.

*

ಸರಕಾರದ ಸ್ಟೈಪೆಂಡು ಊಟಕ್ಕೂ ಸೀಮೆಎಣ್ಣೆಗೂ ತಿಂಗಳ ಅರ್ಧಕ್ಕೇ ಮುಗಿಯುತ್ತಿದ್ದ ಕಾಲ ಅದು. ಮಜೀದ ಹಾಸಿಗೆ ಸುತ್ತಿ ಹೊರಟಿದ್ದ.

“ಬಾಡಿಗಿ ಕೊಡಾಕ ಆಗಂಗಿಲ್ಲವಾ. ಊರಿಗಿ ಹೊಂಟೇನಿ.”

“ರೊಕ್ಕ ಯಾರ ಕೇಳ್ಯಾರೊ? ಮಾಸ್ತರ ಆಗಾಂವ ಅಲ್ಲ ನೀ? ನನಗ ಓದಾಕ ಕಲಸು. ನಾ ಕಲಿಯೂತನಕ ಬಾಡಿಗಿ ಇಲ್ಲ. ಕಲಿತ ಮರುದಿನದಿಂದ ಕೊಡಬೇಕು, ಮತ್ತ!”

ಬೇಗ ಕಲಿಸಿದರೆ ಕೋಣೆ ಹೋಗುತ್ತದೆ, ಕಲಿಸದಿದ್ದರೆ ಮಾನ ಹೋಗುತ್ತದೆ. ಮಜೀದ ಮಾನದ ಕಡೆಗೇ ನಿಂತ. ‘ರ’ ಬರೆದು, ಅದರ ಹೊಟ್ಟೆಯಲ್ಲಿ ಒಂದು ಜೋಳದ ಕಾಳು ಇಟ್ಟು ತೋರಿಸಿದ. “ಈಗ ಏನಾತು?” “ರ ಉಂಡಂಗಾತು,” ಎಂದಳು ಸಾವಕ್ಕ. ಮಜೀದ ಹೊಟ್ಟೆ ಹಿಡಿದು ನಕ್ಕು, ಮತ್ತೆ ಮೊದಲಿನಿಂದ ಶುರುಮಾಡಿದ. ಈ ನಡುವೆ ಪಾಟಿಯ ಮೇಲೆ ಬರೆಯುವ ಬಿಳಿ ಖಡು ವಾರಕ್ಕೊಂದು ಮಾಯವಾಗುತ್ತಿತ್ತು. ಅವನು ಇಲಿಗಳನ್ನು ಬೈದ. ವರ್ಷ ಮುಗಿಯಿತು, ಪರೀಕ್ಷೆ ಪಾಸಾಯಿತು, ಸಾವಕ್ಕನಿಗೆ ಠ ಬರಲೇ ಇಲ್ಲ.

*

ಟ್ರಂಕು ಕೆಳಗಿಳಿದ ಮೇಲೆ ಕಾಶೀಬಾಯಿ ಬೀಗ ತೆಗೆದಳು. ಹಸಿರು ಸೀರೆಯ ಮೇಲೆ ಖಡುವಿನ ತುಂಡುಗಳು ಬಿದ್ದಿದ್ದವು.

“ಇಲಿ ಸಿಕ್ತು,” ಎಂದರು ಮಾಸ್ತರರು.

“ಮುಚ್ಚಳದಾಗ ಏನೋ ಗೀಚೇತಿ. ನನಗೇನ್ ಓದಾಕ ಬರತೈತಿ? ನೋಡ್ರಿ ನೀವ.”

ಕರಿ ಮುಚ್ಚಳದ ಒಳಮೈ ತುಂಬ ಬಿಳಿ ಅಕ್ಷರ. ಸೊಟ್ಟಗಿದ್ದರೂ ಒಂದೂ ತಪ್ಪಿಲ್ಲ. ಮೇಲಿನ ಸಾಲನ್ನು ರಾಮಪ್ಪ ಗಟ್ಟಿಯಾಗಿ ಓದಿದ:

“ಶಾಂತಯ್ಯ. ಎರಡು ತಿಂಗಳದಾಗ ಓದಾಕ ಕಲಿಸಿದ. ಬಾಡಿಗಿ ಸುರುವಾತು. ಕೊಡಾಕ ಆಗಲಿಲ್ಲ, ಕಾಲೇಜ ಬಿಟ್ಟು ಹೋದ. ನಾ ಲಗೂ ಕಲೀಬಾರದಿತ್ತು.”

ಶಾಂತಯ್ಯನ ಕೆಳಗೆ ಹನ್ನೊಂದು ಹೆಸರುಗಳಿದ್ದವು. ರಾಮಪ್ಪ ತನ್ನದನ್ನು ಹುಡುಕಿದ: “ರಾಮಪ್ಪ. ಅವಸರ ಬಾಳ. ದನಿ ಛಲೋ.” ಅವನು ಗೊಳ್ಳೆಂದು ನಕ್ಕ. ಕಾಶೀಬಾಯಿ ಸೀರೆಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಲೇ ನಕ್ಕಳು. ಬಾಗಿಲಲ್ಲಿದ್ದ ಭಜನೆಯವರು ತಾಳ ನಿಲ್ಲಿಸಿ ಒಳಗೆ ಇಣುಕಿದರು.

“ನಿಮ್ಮದೂ ಐತ್ರಿ, ಇಲ್ಲಿ!”

ಮಾಸ್ತರರು ಕನ್ನಡಕ ಒರೆಸಿಕೊಂಡು ಬಗ್ಗಿದರು.

“ಮಜೀದ. ನೂರು ಸಲ ತಪ್ಪಿದೆ, ಸಿಟ್ಟಿಗೆ ಬರಲಿಲ್ಲ. ಪಾಠ ಛಲೋ. ಪಾಸ.”

ಅವರ ಬೆರಳು ‘ಪಾಠ’ದ ಮೇಲೆ ನಿಂತಿತು. ಠದ ಹೊಟ್ಟೆಯಲ್ಲಿ, ಒತ್ತಿ ಒತ್ತಿ ಇಟ್ಟ ಚುಕ್ಕೆ, ಜೋಳದ ಕಾಳಿನಷ್ಟೇ ದುಂಡಗೆ.